ಡಿಎಲ್ ಬಂತು, ಆದರೆ ಒಬ್ಬಳೇ ಕಾರು ತೆಗೆಯಲು ಧೈರ್ಯ ಸಾಲುತ್ತಿಲ್ಲ. ಹೇಗೆ ಶುರು ಮಾಡಲಿ?

ಬೆಂಗಳೂರಿನಲ್ಲೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಿದ್ದೀರಿ, ಟೆಸ್ಟ್ ಪಾಸಾಗಿದೆ, ಮನೆಯಲ್ಲಿ ಗೇರ್ ಇರುವ ಕಾರಿದೆ. ಆದರೆ ಪಕ್ಕದ ಸೀಟು ಖಾಲಿ ಇದ್ದರೆ ಕೈಕಾಲು ಆಡುವುದಿಲ್ಲ ಅಂದಿದ್ದೀರಿ. ಹಬ್ಬಕ್ಕೆ ತುಮಕೂರಿನ ತವರಿಗೆ ಒಬ್ಬಳೇ ಹೋಗಬಹುದಾ ಅಂತಲೂ ಕೇಳಿದ್ದೀರಿ. ನಮ್ಮ ಮನೆಯಲ್ಲಿ ತಂಗಿ, ಅತ್ತಿಗೆ, ಅಕ್ಕನ ಮಗ, ಎಲ್ಲರೂ ಡಿಎಲ್ ಬಂದ ಹೊಸದರಲ್ಲಿ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದಾರೆ. ಆ ಸೀಟಿನಿಂದ ನೋಡಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ನಿಮ್ಮ ಭಯ ಸುಮ್ನೆ ಬಂದದ್ದಲ್ಲ, ಅದಕ್ಕೆ ಕಾರಣ ಇದೆ. ಸ್ಕೂಲಿನ ಕಾರಿನಲ್ಲಿ ಹೇಳಿಕೊಡುವವರ ಕಾಲ ಕೆಳಗೂ ಕ್ಲಚ್, ಬ್ರೇಕ್ ಇರುತ್ತದೆ. ನೀವೇ ನಿಲ್ಲಿಸಿದಿರಿ ಅಂದುಕೊಂಡ ಎಷ್ಟೋ ಸಲ ನಿಲ್ಲಿಸಿದ್ದು ಅವರ ಕಾಲು. ಗೇರ್ ಯಾವಾಗ ಇಳಿಸಬೇಕು, ಮುಂದಿನ ಆಟೋ ಎಲ್ಲಿ ನಿಂತುಬಿಡಬಹುದು, ಇದನ್ನೆಲ್ಲ ಅವರೇ ನೋಡಿ ಹೇಳುತ್ತಿದ್ದರು. ಟೆಸ್ಟ್ ಟ್ರ್ಯಾಕಿನಲ್ಲಿ ಎಂಟು ಹಾಕುವಾಗ ಹಿಂದೆ ಬಿಎಂಟಿಸಿ ಬಸ್ಸೂ ಇರಲಿಲ್ಲ. ಹಾಗಾಗಿ ನಿಮಗೆ ಓಡಿಸಲು ಬರುವುದಿಲ್ಲ ಅಂತಲ್ಲ. ರಸ್ತೆ ನೋಡಿ ತೀರ್ಮಾನ ಮಾಡುವ ಕೆಲಸ ಈಗಷ್ಟೇ ನಿಮ್ಮ ಕೈಗೆ ಬಂದಿದೆ. ಅದನ್ನು ಹಿಂದಿನ ಗಾಡಿಯವರ ಹಾರ್ನಿಗೆ ಬಿಟ್ಟುಕೊಡಬೇಡಿ. ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇದೇ.

ಇಲ್ಲಿ ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಶುರುವಾಗುತ್ತದೆ, ಗೊತ್ತಲ್ವಾ? ಆ ಸದ್ದಿಗೆ ಗಾಬರಿಯಾಗಿ ಕ್ಲಚ್ ದಢಕ್ಕನೆ ಬಿಟ್ಟರೆ ಗಾಡಿ ಆಫ್ ಆಗುತ್ತದೆ. ಆದರೆ ಆಗಲಿ. ಬ್ರೇಕ್ ಒತ್ತಿಕೊಳ್ಳಿ, ನ್ಯೂಟ್ರಲ್‌ಗೆ ತನ್ನಿ, ಸ್ಟಾರ್ಟ್ ಮಾಡಿ, ಫಸ್ಟ್ ಹಾಕಿ ಹೊರಡಿ. ಹಿಂದಿನವರು ಹತ್ತು ಸೆಕೆಂಡ್ ಕಾದರೆ ಅವರ ಗಂಟೇನೂ ಹೋಗುವುದಿಲ್ಲ. ಬಲಕ್ಕೆ ತಿರುಗಲು ನಿಂತಾಗಲೂ ಅಷ್ಟೇ. ಎದುರಿನ ಗಾಡಿ ಎಷ್ಟು ದೂರ ಇದೆ ಅಂತ ನಿಮ್ಮ ಕಣ್ಣಿಗೆ ಗ್ಯಾರಂಟಿಯಾಗುವ ತನಕ ಕದಲಬೇಡಿ. ಹಾರ್ನ್ ಹೊಡೆದವರಿಗೆ ನಿಮ್ಮ ಮುಂದೆ ಏನಿದೆ ಅನ್ನುವುದು ಕಾಣುತ್ತಿರುವುದಿಲ್ಲ.

ಹಾರ್ನಿಗಿಂತ ಜಾಸ್ತಿ ಹೆದರಿಸುವುದು ಏರು. ಫ್ಲೈಓವರ್ ಹತ್ತುವಾಗಲೋ ಅಂಡರ್‌ಪಾಸಿನಿಂದ ಮೇಲೆ ಬರುವಾಗಲೋ ಟ್ರಾಫಿಕ್ ನಿಂತುಬಿಡುತ್ತದೆ, ಹಿಂದಿನ ಕಾರು ನಿಮ್ಮ ಬಂಪರಿಗೆ ಅಂಟಿಕೊಂಡು ನಿಂತಿರುತ್ತದೆ. ಆಗ ಹಾಫ್ ಕ್ಲಚ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸಲು ಹೋಗಬೇಡಿ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನಿಶ್ಚಿಂತೆಯಾಗಿ ಕೂರಿ. ಮುಂದಿನ ಗಾಡಿ ಕದಲಿದಾಗ ಫಸ್ಟ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಕ್ಲಚ್ ನಿಧಾನಕ್ಕೆ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ ಸದ್ದು ತಗ್ಗುತ್ತದೆ, ಸ್ಟಿಯರಿಂಗ್ ಸಣ್ಣಗೆ ಅದುರುತ್ತದೆ, ಬಾನೆಟ್ ಒಂಚೂರು ಮೇಲೆದ್ದ ಹಾಗೆ ಆಗುತ್ತದೆ. ಕಾಲನ್ನು ಅಲ್ಲೇ ತಡೆಯಿರಿ. ಗಾಡಿ ಈಗ ಎಂಜಿನ್ ಹಿಡಿತಕ್ಕೆ ಬಂದಿದೆ, ಹ್ಯಾಂಡ್‌ಬ್ರೇಕ್ ಇಳಿಸಿದರೆ ಹಿಂದೆ ಜಾರದೆ ಮುಂದಕ್ಕೇ ಹೋಗುತ್ತದೆ. ಯಾವುದಾದರೂ ಖಾಲಿ ಏರು ಹುಡುಕಿ, ಭಾನುವಾರ ಬೆಳಿಗ್ಗೆ ಇದೊಂದನ್ನೇ ಬೇಜಾರು ಬರುವಷ್ಟು ಮಾಡಿ. ನಮ್ಮ ಅತ್ತಿಗೆ ಉಳಿದೆಲ್ಲ ಚೆನ್ನಾಗಿ ಓಡಿಸುತ್ತಿದ್ದರು, ಏರಿರುವ ರಸ್ತೆ ಅಂದರೆ ಮಾತ್ರ ಬೇರೆ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದರು. ಇದು ಕೈಗೆ ಹತ್ತಿದ ಮೇಲೆ ಆ ಸುತ್ತಾಟ ನಿಂತುಹೋಯಿತು.

ಆಮೇಲೆ ಎಡಗಡೆಯ ಅಂದಾಜು. ನಾವು ಕೂರುವುದು ಬಲಗಡೆ, ಹಾಗಾಗಿ ಎಡಗಡೆ ಚಕ್ರ ಎಲ್ಲಿದೆ ಅಂತ ಹೊಸಬರಿಗೆ ಗೊತ್ತಾಗುವುದೇ ಇಲ್ಲ. ಎಡಕ್ಕೆ ಉಜ್ಜಿಬಿಡುತ್ತದೇನೋ ಅಂತ ಹೆದರಿ ರಸ್ತೆ ಮಧ್ಯಕ್ಕೆ ಬರುತ್ತಾರೆ. ಇದಕ್ಕೊಂದು ಸುಲಭದ ದಾರಿ ಇದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಎಡಗಡೆಯ ಎರಡೂ ಚಕ್ರಗಳು ಬಿಳಿ ಗೆರೆಯ ಪಕ್ಕಕ್ಕೇ ಬರುವಂತೆ ಯಾರಾದರೂ ಹೊರಗೆ ನಿಂತು ನಿಲ್ಲಿಸಿಕೊಡಲಿ. ನೀವು ಯಾವಾಗಲೂ ಕೂರುವ ಹಾಗೆ ಕೂತು, ಆ ಗೆರೆ ಡ್ಯಾಶ್‌ಬೋರ್ಡಿನ ಯಾವ ಜಾಗಕ್ಕೆ ಬಂದು ತಾಗುವಂತೆ ಕಾಣುತ್ತದೆ ನೋಡಿ. ಎಡ ಮೂಲೆಗೆ ಬರುತ್ತದೆ ಅಂದುಕೊಂಡಿರುತ್ತೀರಿ, ಆದರೆ ಸುಮಾರಾಗಿ ಮಧ್ಯಕ್ಕೇ ಬರುತ್ತದೆ. ಅಲ್ಲೊಂದು ಚಿಕ್ಕ ಸ್ಟಿಕ್ಕರ್ ಅಂಟಿಸಿ. ಗಲ್ಲಿಯಲ್ಲಿ ಹೋಗುವಾಗ ಮೋರಿ ಅಂಚು ಆ ಸ್ಟಿಕ್ಕರಿಗಿಂತ ಎಡಕ್ಕೆ ಕಾಣುತ್ತಿದ್ದರೆ ಚಕ್ರಕ್ಕೆ ಜಾಗ ಇದೆ ಅಂತ ಅರ್ಥ. ಸೀಟನ್ನು ಹಿಂದೆ ಮುಂದೆ ಮಾಡಿದರೆ ಲೆಕ್ಕ ತಪ್ಪುತ್ತದೆ, ಅದು ನೆನಪಿರಲಿ.

ಎಡಕ್ಕೆ ತಿರುಗುವಾಗ ಸ್ಕೂಟರಿನವರು ಕಾರಿಗೂ ಫುಟ್‌ಪಾತಿಗೂ ನಡುವೆ ನುಗ್ಗಿಬರುತ್ತಾರೆ. ಡೆಲಿವರಿ ಹುಡುಗರಿಗೆ ಪಾಪ ಅವರದೇ ಅವಸರ. ಇಂಡಿಕೇಟರ್ ಬೇಗ ಹಾಕಿ, ತಿರುವಿಗೆ ಮುಂಚೆಯೇ ಎಡಕ್ಕೆ ಸರಿದು ಆ ಸಂದು ಇಲ್ಲದಂತೆ ಮಾಡಿ, ಕನ್ನಡಿ ನೋಡಿ, ಒಮ್ಮೆ ಕತ್ತು ತಿರುಗಿಸಿಯೂ ನೋಡಿ. ಮಳೆಯಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವವರನ್ನು ನೋಡಿ ನೀವೂ ಹಾಕಬೇಡಿ. ನಾಲ್ಕೂ ಮಿನುಗುತ್ತಿದ್ದರೆ ನೀವು ಯಾವ ಕಡೆ ತಿರುಗುತ್ತೀರಿ ಅಂತ ಯಾರಿಗೂ ತಿಳಿಯುವುದಿಲ್ಲ.

ಮಳೆ ಅಂದಾಗ ಇದನ್ನು ಹೇಳಲೇಬೇಕು. 2023ರ ಮೇ ತಿಂಗಳಲ್ಲಿ ಇದೇ ಊರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನಿಂತ ಮಳೆನೀರಿಗೆ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಡರ್‌ಪಾಸಿನಲ್ಲಿ ನೀರು ನಿಂತದ್ದು ಕಂಡರೆ, ಮುಂದಿನ ಕಾರು ದಾಟಿ ಹೋಗಿದ್ದರೂ ನೀವು ಇಳಿಸಬೇಡಿ. ಆಳ ಮೇಲಿನಿಂದ ಕಾಣುವುದಿಲ್ಲ. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಪಕ್ಕಕ್ಕೆ ನಿಲ್ಲಿಸಿ, ಬೇರೆ ದಾರಿ ಹಿಡಿಯಿರಿ. ಬೇರೆಲ್ಲಾದರೂ ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಹೋಗಿದ್ದರೆ ಎಂಜಿನ್ನೇ ಹಾಳಾಗುತ್ತದೆ. ಬಾಗಿಲು ತೆರೆಯಲು ಆಗುವಾಗಲೇ ಇಳಿದು ಎತ್ತರದ ಜಾಗಕ್ಕೆ ಹೋಗಿ. ಕಾರು ಆಮೇಲೆ ನೋಡಿಕೊಳ್ಳೋಣ.

ಮೊದಲ ಸಲ ಒಬ್ಬರೇ ಹೊರಡಲು ಭಾನುವಾರ ಬೆಳಿಗ್ಗೆ ಆರೂವರೆ ಒಳ್ಳೆಯ ಹೊತ್ತು. ಯಾವುದೋ ಹೊಸ ಜಾಗ ಬೇಡ. ಬಸ್ಸಿನಲ್ಲೋ ಆಟೋದಲ್ಲೋ ನೂರಾರು ಸಲ ಹೋಗಿಬಂದ ದಾರಿಯನ್ನೇ ಆರಿಸಿಕೊಳ್ಳಿ. ಹಂಪ್ ಎಲ್ಲಿದೆ, ಯಾವ ತಿರುವಿನಲ್ಲಿ ಒನ್‌ವೇ, ಎಲ್ಲ ಗೊತ್ತಿರುತ್ತದೆ. ಅಲ್ಲಿ ಗಾಡಿ ಎಲ್ಲಿ ನಿಲ್ಲಿಸುವುದು ಅಂತ ಮನೆಯಲ್ಲೇ ಯೋಚಿಸಿ ಹೊರಡಿ. ಮ್ಯಾಪ್ ಬೇಕಿದ್ದರೆ ಹೊರಡುವ ಮುಂಚೆಯೇ ಹಾಕಿ, ಧ್ವನಿ ಜೋರಾಗಿಡಿ. ತಿರುವು ತಪ್ಪಿದರೆ ನೇರ ಹೋಗಿ, ಅದೇ ಬೇರೆ ದಾರಿ ತೋರಿಸುತ್ತದೆ. ಫ್ಲೈಓವರ್ ಮೇಲಂತೂ ರಿವರ್ಸ್ ತೆಗೆಯುವ ಯೋಚನೆಯೇ ಬೇಡ. ಡಿಎಲ್ ಬಂದ ಮೇಲೆ ಎಲ್ ಬೋರ್ಡ್ ಬೇಕಿಲ್ಲ, ಆದರೂ ಹಿಂದಿನ ಗಾಜಿಗೆ "ಹೊಸ ಡ್ರೈವರ್" ಅಂತ ಒಂದು ಹಾಳೆ ಅಂಟಿಸಿಕೊಳ್ಳಿ. ತಂಗಿ ಅಂಟಿಸಿದ್ದಳು, ತುಂಬಾ ಜನ ಅಂತರ ಬಿಟ್ಟು ಬರುತ್ತಿದ್ದರು.

ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಬಾಯಿ ಮುಚ್ಚಿಕೊಂಡು ಕೂರುವವರನ್ನು ಕರೆದುಕೊಂಡು ಹೋಗಿ. "ಅಯ್ಯೋ, ಬ್ರೇಕ್ ಹಾಕು" ಅಂತ ಕಿರುಚುವವರು ಎಷ್ಟೇ ಪ್ರೀತಿಯವರಾಗಿದ್ದರೂ ಬೇಡ.

ಡಿಎಲ್, ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಸಾಕು, ಪೊಲೀಸರು ಕೇಳಿದರೆ ಅದನ್ನೇ ತೋರಿಸಬಹುದು. ಇನ್ಶೂರೆನ್ಸ್ ಮುಗಿದಿಲ್ಲ ತಾನೇ ಅಂತ ನೋಡಿಕೊಳ್ಳಿ. ಎಲ್ಲಾದರೂ ತಾಗಿದರೆ ಓಡಿಹೋಗಬೇಡಿ, ಜಗಳಕ್ಕೂ ನಿಲ್ಲಬೇಡಿ. ಪಕ್ಕಕ್ಕೆ ಹಾಕಿ, ಎರಡೂ ಗಾಡಿಯ ಫೋಟೋ ತೆಗೆದು, ಇನ್ಶೂರೆನ್ಸ್‌ನವರಿಗೆ ಅವತ್ತೇ ತಿಳಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 108, ಇಲ್ಲವೇ 112. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಕಾನೂನಿನ ಪ್ರಕಾರ ಡ್ರೈವರ್‌ನ ಹೊಣೆ.

ಇನ್ನು ತುಮಕೂರು. ಹೋಗಬಹುದು, ಆದರೆ ಹಬ್ಬದ ಹಿಂದಿನ ದಿನ ಬೇಡ. ಗೊರಗುಂಟೆಪಾಳ್ಯದಿಂದ ನೆಲಮಂಗಲದ ತನಕ ಅವತ್ತು ಗಾಡಿ ಇಂಚಿಂಚು ತೆವಳುತ್ತದೆ, ಕ್ಲಚ್ ಒತ್ತಿ ಒತ್ತಿ ಕಾಲು ಸೋತುಹೋಗುತ್ತದೆ. ಹಬ್ಬಕ್ಕೆ ಬಸ್ಸಿನಲ್ಲಿ ಹೋಗಿಬನ್ನಿ. ಅದು ಕಳೆದ ಮೇಲೆ, ಊರೊಳಗೆ ಐದನೇ ಗೇರ್ ತನಕ ಆರಾಮಾಗಿ ಹೋಗಿಬರುವಂತಾದಾಗ, ಒಂದು ಶನಿವಾರ ಬೆಳಕು ಹರಿಯುತ್ತಲೇ ಹೊರಡಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಲಾರಿ ಬಲಗಡೆ ಲೇನಿನಲ್ಲೇ ನಿಧಾನ ಹೋಗುತ್ತಿದ್ದರೆ ಅದರ ಬೆನ್ನಿಗೆ ಅಂಟಬೇಡಿ. ಲಾರಿಯ ಕನ್ನಡಿ ನಿಮಗೆ ಕಾಣದಿದ್ದರೆ ಡ್ರೈವರಿಗೆ ನೀವೂ ಕಾಣುವುದಿಲ್ಲ. ಸುಸ್ತಾದರೆ ದಾಬಸ್‌ಪೇಟೆಯಲ್ಲಿ ನಿಲ್ಲಿಸಿ ಕಾಫಿ ಕುಡಿಯಿರಿ. ರಾತ್ರಿ ಅಮ್ಮನ ಮನೆಯಲ್ಲೇ ಉಳಿದು, ಭಾನುವಾರ ತಿಂಡಿ ಮುಗಿಸಿಕೊಂಡು ವಾಪಸ್ ಹೊರಡಿ. ಸಂಜೆಗೆ ಬಿಟ್ಟರೆ ಬೆಂಗಳೂರಿಗೆ ಬರುವವರ ಸಾಲು ಜಾಸ್ತಿ, ಕತ್ತಲಲ್ಲಿ ಎದುರಿನವರ ಹೈ ಬೀಮ್ ಬೇರೆ.