ಮೀನಿನ ಗಾಡಿಯ ಬ್ಯಾಟರಿಯಿಂದ ತಕ್ಕಡಿಗೆ ಕರೆಂಟು

ಪ್ರಶ್ನೆ: ನಾನು ಬೈತಖೋಲ ಬಂದರಿನಲ್ಲಿ ಮೀನು ತುಂಬಿಕೊಂಡು, ಕುಮಟಾ ಮತ್ತು ದೇವಿಮನೆ ಘಟ್ಟದ ದಾರಿಯಲ್ಲಿ ಶಿರಸಿಯವರೆಗೆ ಸಣ್ಣ ಗೂಡ್ಸ್ ಗಾಡಿಯಲ್ಲಿ ಮಾರುತ್ತ ಹೋಗುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿಯ ಅಡಾಪ್ಟರ್ ಮೇಲೆ 12 ವೋಲ್ಟ್ ಡಿಸಿ ಎಂದು ಇದ್ದುದರಿಂದ ಅದರ ವೈರು ಕತ್ತರಿಸಿ ನೇರವಾಗಿ ಗಾಡಿಯ ಬ್ಯಾಟರಿಗೆ ಜೋಡಿಸಿದ್ದೆ. ಒಂದು ತಿಂಗಳು ಸರಿಯಾಗಿಯೇ ನಡೆಯಿತು, ಒಂದು ದಿನ ಘಟ್ಟ ಹತ್ತುವಾಗ ಸುಟ್ಟ ವಾಸನೆ ಬಂದು ತಕ್ಕಡಿ ನಿಂತುಹೋಯಿತು. ಬ್ಯಾಟರಿಯೂ 12 ವೋಲ್ಟಿನದೇ ಅಲ್ಲವೇ? ತಕ್ಕಡಿ, ಮೊಬೈಲ್, 30 ವ್ಯಾಟಿನ ಸ್ಪೀಕರ್ ಮೂರನ್ನೂ ಅಪಾಯವಿಲ್ಲದೆ ನಡೆಸುವುದು ಹೇಗೆ?
– ಓದುಗರೊಬ್ಬರು, ಕಾರವಾರ

ಉತ್ತರ: ಬ್ಯಾಟರಿಯ ಮೇಲಿರುವ 12 ಎಂಬುದು ಅದರ ಹೆಸರು ಮಾತ್ರ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ ಅದರಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಅದು 9–10ಕ್ಕೆ ಕುಸಿಯುತ್ತದೆ. ಎಂಜಿನ್ ಓಡತೊಡಗಿದ ಮೇಲೆ, ಅದರಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಆ ವೋಲ್ಟನ್ನು 14ರ ಮೇಲಕ್ಕೆ ಏರಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಘಟ್ಟದ ತಿರುವುಗಳಲ್ಲಿ ಗಾಡಿ ಕುಲುಕಿ ಸಡಿಲವಾದ ಬ್ಯಾಟರಿ ಟರ್ಮಿನಲ್, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗಲೇ ಒಂದು ಕ್ಷಣ ಸಂಪರ್ಕ ಕಳೆದುಕೊಂಡರೆ, ಆ ಹೊತ್ತಿಗೆ ವೈರಿನಲ್ಲಿ ಹತ್ತಾರು ವೋಲ್ಟಿನ ಏಟು ಹಾಯುತ್ತದೆ. ಗಾಡಿಯ ಬಲ್ಬು ಅದನ್ನು ತಾಳಿಕೊಂಡರೂ ಸ್ಥಿರವಾದ 12 ವೋಲ್ಟನ್ನು ನಂಬಿ ಮಾಡಿದ ತಕ್ಕಡಿಯ ಸರ್ಕ್ಯೂಟ್ ತಾಳಲಾರದು. ಹತ್ತುವಾಗಲೇ ಸುಟ್ಟಿತೆಂದು ನೀವು ಬರೆದಿರುವುದರಿಂದ, ಮೊದಲು ಟರ್ಮಿನಲ್ ಬಿಗಿಯಾಗಿದೆಯೇ ಎಂದು ಕೈಯಿಂದ ಅಲುಗಾಡಿಸಿ ನೋಡಿ.

ತಕ್ಕಡಿಗೆ ಬೇಕಾದದ್ದು, ಒಳಬರುವ ವೋಲ್ಟ್ ಏರಿಳಿದರೂ ಸ್ಥಿರವಾಗಿ 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರ್. ಅದೂ ವೋಲ್ಟನ್ನು ಇಳಿಸುವುದಕ್ಕೂ ಏರಿಸುವುದಕ್ಕೂ ಬರುವಂಥದ್ದು. ಬರೀ ಇಳಿಸುವ ಕನ್ವರ್ಟರ್‌ಗೆ ಒಳಬರುವ ವೋಲ್ಟ್ ಹೊರಹೋಗುವುದಕ್ಕಿಂತ ಹೆಚ್ಚೇ ಇರಬೇಕಾದ್ದರಿಂದ, ಎಂಜಿನ್ ನಿಲ್ಲಿಸಿ ವ್ಯಾಪಾರ ಮಾಡುವಾಗ ಅದು ಸೋಲುತ್ತದೆ. ಒಳಬರುವ ವೋಲ್ಟಿನ ಮಿತಿ 8ರಿಂದ 36ರವರೆಗೆ ಎಂದೇನಾದರೂ ಬರೆದಿರುವ ಗಾಡಿ ಬಳಕೆಯ ಕನ್ವರ್ಟರ್ ಕೊಳ್ಳಿ. ಮೊಬೈಲಿಗೆ ಒಳ್ಳೆಯ ಕಾರ್ ಚಾರ್ಜರ್ ಸಾಕು. ಸ್ಪೀಕರಿನ ಆಂಪ್ಲಿಫೈಯರ್ ಗಾಡಿಗೆಂದೇ ಮಾಡಿದ್ದಾದರೆ ನೇರವಾಗಿ ಕೊಡಬಹುದು.

ಆದರೆ ಇವೆಲ್ಲಕ್ಕಿಂತ ಮೊದಲು ಫ್ಯೂಸ್. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲದ್ದು ನನಗೆ ನಿಜವಾಗಿಯೂ ಕಳವಳ ತಂದಿದೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಿಂದ ಫ್ಯೂಸ್ ಬಿಡುವವರು ಬಹಳ ಮಂದಿ. ಅದೇ ಬ್ಯಾಟರಿ, ವೈರು ಗಾಡಿಯ ಲೋಹದ ಮೈಗೆ ತಾಗಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಸಿ ವೈರಿನ ಪ್ಲಾಸ್ಟಿಕ್ಕನ್ನು ಕ್ಷಣದಲ್ಲಿ ಹೊತ್ತಿಸಬಲ್ಲದು. ಫ್ಯೂಸ್ ಇರುವುದು ತಕ್ಕಡಿಯನ್ನು ಉಳಿಸಲು ಅಲ್ಲ, ವೈರಿಗೆ ಬೆಂಕಿ ಬೀಳದಂತೆ ತಡೆಯಲು. ಹೀಗಾಗಿ ಅದು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೇ ಇರಬೇಕು. ಮೊಬೈಲಿಗೆ ಸುಮಾರು 1, ಸ್ಪೀಕರಿಗೆ 3ರಿಂದ 4, ತಕ್ಕಡಿಗೆ ಅರ್ಧ ಆಂಪಿಯರ್ ಎಂದು ಹಿಡಿದರೂ ಒಟ್ಟು 6 ದಾಟುವುದಿಲ್ಲ, 1.5 ಚದರ ಮಿಲಿಮೀಟರಿನ ತಾಮ್ರದ ವೈರು ಮತ್ತು 7.5 ಆಂಪಿಯರ್ ಫ್ಯೂಸ್ ಹಾಕಿ. ಅದು ಹಾರಿದರೆ ಕಾರಣ ಹುಡುಕಿ. ಯಾವ ಕಾರಣಕ್ಕೂ ಅದರ ಜಾಗದಲ್ಲಿ ತಂತಿ ಸುತ್ತಬೇಡಿ.

ಕರಾವಳಿಯಲ್ಲಿ ಇನ್ನೊಂದು ತೊಂದರೆಯಿದೆ. ಬಂಗಡೆ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಮತ್ತು ಕಡಲಗಾಳಿ ಸೇರಿ, ಬರೀ ಹೊಸೆದು ಟೇಪು ಸುತ್ತಿದ ಜಾಯಿಂಟನ್ನು ಒಳಗಿಂದಲೇ ತಿನ್ನುತ್ತವೆ. ಹಳೆಯ ಟೇಪು ಬಿಚ್ಚಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ ಕೂತಿರುವುದು ನಿಮಗೇ ಕಾಣುತ್ತದೆ. ಅಂಥ ಜಾಯಿಂಟ್ ಬಿಸಿಯಾಗುತ್ತದೆ, ಆದರೆ ಕರೆಂಟು ಹೆಚ್ಚಾಗದೇ ಇರುವುದರಿಂದ ಫ್ಯೂಸ್ ಹಾರುವುದಿಲ್ಲ. ವೈರಿನ ತುದಿಗೆ ಲಗ್ (ಲೋಹದ ಕೊಂಡಿ) ಒತ್ತಿಸಿ, ಮೇಲೆ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಹಾಕಿಸಿ, ಟರ್ಮಿನಲ್ ಬಿಗಿಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ, ವೈರನ್ನು ಪೆಟ್ಟಿಗೆಗಳ ನೀರು ತಾಗದಷ್ಟು ಎತ್ತರದಲ್ಲಿ ಒಯ್ಯಿರಿ.

ಎಂಜಿನ್ ನಿಲ್ಲಿಸಿ ಮೂರು ತಾಸು ಎಲ್ಲವನ್ನೂ ನಡೆಸಿದರೆ ಸುಮಾರು 15 ಆಂಪಿಯರ್-ಅವರ್ ಖರ್ಚಾಗುತ್ತದೆ. 35 ಆಂಪಿಯರ್-ಅವರ್ ಹಿಡಿಯುವ ಬ್ಯಾಟರಿಗೆ ಅದು ಹೆಚ್ಚುಕಡಿಮೆ ಅರ್ಧ. ಸುಮ್ಮನಿರುವ ಬ್ಯಾಟರಿ 12.2 ವೋಲ್ಟ್ ತೋರಿಸಿದರೆ ಸ್ಪೀಕರ್ ಬಂದ್ ಮಾಡಿ.

ಸುಟ್ಟ ತಕ್ಕಡಿಯನ್ನು ಪರವಾನಗಿ ಇರುವ ರಿಪೇರಿಯವರಲ್ಲಿಯೇ ಕೊಡಿ. ರಿಪೇರಿಯಾದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮತ್ತೆ ಪರಿಶೀಲಿಸಿ ಮುದ್ರೆ ಹಾಕಿಸಿಕೊಂಡೇ ಅದರಲ್ಲಿ ತೂಗಬೇಕು.