ಉಳ್ಳಾಗಡ್ಡಿ, ಈರುಳ್ಳಿ, ನೀರುಳ್ಳಿ

ಟೀಚರೇ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಇಷ್ಟು: ಉಡುಪಿ ಕಡೆಯ ಸರ್ಕಾರಿ ಶಾಲೆ, ನಾಲ್ಕನೇ ಕ್ಲಾಸು. ಕಟ್ಟಡ ಕೆಲಸಕ್ಕೆ ಬಂದ ಅಪ್ಪ ಅಮ್ಮನ ಜೊತೆ ರಾಯಚೂರಿನ ಹುಡುಗನೊಬ್ಬ ಅರ್ಧ ವರ್ಷ ಕಳೆದ ಮೇಲೆ ಸೇರಿದ್ದಾನೆ. ಮೊದಲ ದಿನ ‘ಅಕ್ಕೋರ್ರೀ’ ಅಂತ ಕರೆದ, ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಕೊನೇ ಬೆಂಚಿನಲ್ಲಿ ಕೂರುತ್ತಾನೆ, ಬಾಯೇ ಬಿಟ್ಟಿಲ್ಲ. ಅವನ ಜೊತೆ ಚೆನ್ನಾಗಿರಿ ಅಂತ ದಿನಾ ಹೇಳಿದರೂ ಮಕ್ಕಳು ಕೇಳುತ್ತಿಲ್ಲ ಅನ್ನುವುದು ನಿಮ್ಮ ಬೇಸರ.

ಮೊದಲು ಆ ಹೇಳುವುದನ್ನು ನಿಲ್ಲಿಸಿ. ನಾನು ಐದನೇ ಕ್ಲಾಸಿಗೆ ಹೊಸ ಶಾಲೆ ಸೇರಿದಾಗ ಮೇಷ್ಟ್ರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, "ಪಾಪ, ಹೊಸಬ, ಯಾರೂ ಗೋಳು ಹೊಯ್ದುಕೊಳ್ಳಬೇಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಏಳನೇ ಕ್ಲಾಸು ಮುಗಿಯುವವರೆಗೂ ನನ್ನ ಹೆಸರು ‘ಪಾಪ’ ಅಂತಲೇ ಆಯಿತು.

ನಗು ಹುಟ್ಟಿದ್ದು ಮಾತಿನಿಂದ ಅಲ್ವಾ, ಆ ಮಾತನ್ನೇ ಪಾಠ ಮಾಡಿ. ಬಿಸಿಯೂಟದ ಕೋಣೆಯಿಂದ ಒಂದು ಈರುಳ್ಳಿ ತಂದು ಮೇಜಿನ ಮೇಲಿಡಿ. ನಿಮ್ಮ ಮಕ್ಕಳಿಗೆ ಅದು ನೀರುಳ್ಳಿ, ಅವನಿಗೆ ಉಳ್ಳಾಗಡ್ಡಿ. ಕಡಲೆಕಾಯಿ ಇವರಿಗೆ ನೆಲಗಡಲೆ, ಅವನಿಗೆ ಶೇಂಗಾ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರೂ ಇರುತ್ತಾರೆ, ಅವರ ಪದಗಳನ್ನೂ ಬರೆಸಿ ಗೋಡೆಗೆ ಅಂಟಿಸಿ. ಆ ಪಟ್ಟಿಯಲ್ಲೇ ‘ಟೀಚರ್’ ಪಕ್ಕ ‘ಅಕ್ಕೋರು’ ಇರಲಿ. ಅವನು ನಿಮಗೆ ಕೊಟ್ಟದ್ದು ಗೌರವ, ಅದು ಉಳಿದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಇನ್ನು ಕೊನೇ ಬೆಂಚಿನ ವಿಷಯ. ಒಂದು ದಿನ ನಿಮ್ಮ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಸುಮ್ನೆ ಕೂತು ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ಸುತ್ತ ಕೂರುತ್ತಾರೆ, ಕಲಿಕೆಯ ಏಣಿಯಲ್ಲಿ ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅನ್ನುವುದರ ಮೇಲೆ ಗುಂಪು ಬದಲಾಗುತ್ತಾ ಹೋಗುತ್ತದೆ, ಹಾಗಾಗಿ ಅಲ್ಲಿ ಕೊನೇ ಬೆಂಚು ಅನ್ನುವುದೇ ಇಲ್ಲ. ಎಲ್ಲಾ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮಕ್ಕಳೇ ಮಕ್ಕಳಿಗೆ ಕಲಿಸುವ ಗುಂಪು ಇದೆಯಲ್ಲ, ಅದನ್ನು ನಾಲ್ಕನೇ ಕ್ಲಾಸಿಗೂ ತರಬಹುದು.

ಅವನಿಗೊಂದು ಕೆಲಸ ಕೊಡಿ, ಗಂಟೆ ಹೊಡೆಯುವುದಾದರೆ ಇನ್ನೂ ಒಳ್ಳೆಯದು. ಹಬ್ಬಕ್ಕೋ ಸುಗ್ಗಿಗೋ ಅವನು ಊರಿಗೆ ಹೋಗಿ ತಿಂಗಳು ಬಾರದೆ ಇರಬಹುದು. ಅಲ್ಲಿಯವರೆಗೆ ಗಂಟೆ ಬೇರೆಯವರು ಹೊಡೆಯಲಿ, ಬಂದ ದಿನ ಮಾತ್ರ ಸುತ್ತಿಗೆ ಮತ್ತೆ ಅವನ ಕೈಗೇ ಕೊಡಿ.