ಎಂಎಸ್‌ಗೆ ಹೋಗುವ ಮುಂಚೆ ಗೇಮ್ ಇಂಜಿನ್ ಬರೆದರೆ ಗ್ರಾಫಿಕ್ಸ್ ಕೋರ್ಸಿಗೆ ಅನುಕೂಲ ಆಗುತ್ತಾ?

ಸಿ ಪ್ಲಸ್ ಪ್ಲಸ್ ಬರುತ್ತದೆ, ಕೋರ್ಸ್ ಶುರುವಾಗಲು ಇನ್ನೂ ಆರು ತಿಂಗಳಿದೆ, ಶನಿವಾರ ಭಾನುವಾರ ಬಿಡುವು ಅಂದಿದ್ದೀರಿ. ಹಾಗಾದರೆ ಇಂಜಿನ್ ಬೇಡ, ರೇ ಟ್ರೇಸರ್ ಬರೆಯಿರಿ, ಅಂದರೆ ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಬಿಡಿಸುವ ಪ್ರೋಗ್ರಾಂ. ನಾನು ಎಂಎಸ್‌ನಲ್ಲಿ ಗ್ರಾಫಿಕ್ಸ್ ಓದಿದವನು. ಕೆಲಸಕ್ಕೆ ಸೇರಿದ ಮೇಲೂ ರಜೆ ಬಂದರೆ ಅದೇ ಹುಚ್ಚು.

ಇಂಜಿನ್ ಬರೆಯಲು ಹೊರಟರೆ ವಿಂಡೋ, ಕೀಬೋರ್ಡ್, ಸೌಂಡ್ ಅಂತ ತಿಂಗಳುಗಳು ಹೋಗುತ್ತವೆ. ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡುವ ವಲ್ಕನ್ ಹಿಡಿದರಂತೂ ಒಂದು ತ್ರಿಕೋನ ಕಾಣಿಸಲು ಸುಮಾರು ಸಾವಿರ ಸಾಲು ಕೋಡ್ ಬೇಕು. ರೇ ಟ್ರೇಸರ್‌ಗೆ ಈ ರಗಳೆ ಇಲ್ಲ. ಪಿಪಿಎಂ ಅನ್ನುವ ಸರಳ ಚಿತ್ರದ ಫೈಲಿನಲ್ಲಿ ಮೇಲೆ ಒಂದು ಪುಟ್ಟ ಹೆಡರ್, ಕೆಳಗೆ ಕೆಂಪು, ಹಸಿರು, ನೀಲಿಯ ಸಂಖ್ಯೆಗಳು. ಅಷ್ಟು ಬರೆದರೆ ಚಿತ್ರ ರೆಡಿ.

ಕ್ಯಾಮೆರಾದಿಂದ ಪ್ರತಿ ಪಿಕ್ಸೆಲ್ ಮೂಲಕ ಒಂದು ಕಿರಣ ಬಿಡಿ. ಅದು ಮೊದಲು ಯಾವುದಕ್ಕೆ ತಾಗುತ್ತದೆ ನೋಡಿ. ಅಲ್ಲಿಂದ ದೀಪದ ಕಡೆ ಇನ್ನೊಂದು ಕಿರಣ. ನಡುವೆ ಏನಾದರೂ ಅಡ್ಡ ಬಂದರೆ ನೆರಳು. ಗೋಳಕ್ಕೆ ಹತ್ತನೇ ಕ್ಲಾಸಿನ ವರ್ಗ ಸಮೀಕರಣ ಸಾಕು. ಕನ್ನಡಿ, ಗಾಜು ಬೇಕಿದ್ದರೆ ತಾಗಿದ ಜಾಗದಿಂದ ಮತ್ತೆ ಕಿರಣ ಹೊರಡಿಸಬೇಕು. 1980ರಲ್ಲಿ ಟರ್ನರ್ ವಿಟೆಡ್ ಒಂದು ಪೇಪರ್‌ನಲ್ಲಿ ತೋರಿಸಿದ ದಾರಿ ಇದು. ಆ ಪೇಪರ್ ಚಿಕ್ಕದು, ಓದಿ.

ಮೊದಲ ಚಿತ್ರದಲ್ಲಿ ಗೋಳದ ಮೇಲೆಲ್ಲ ಕಪ್ಪು ಚುಕ್ಕೆ ಬರಬಹುದು. ಗಾಬರಿ ಬೇಡ. ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ತಾಗಿದ ಬಿಂದು ಕೂದಲೆಳೆಯಷ್ಟು ಒಳಗೆ ಬಿದ್ದಿರುತ್ತದೆ, ಹಾಗಾಗಿ ನೆರಳಿನ ಕಿರಣ ತಾನು ಹೊರಟ ಗೋಳಕ್ಕೇ ಡಿಕ್ಕಿ ಹೊಡೆಯುತ್ತದೆ. ಹೊರಡುವ ಬಿಂದುವನ್ನು ಸ್ವಲ್ಪ ಹೊರಗೆ ಸರಿಸಿದರೆ ಸರಿಹೋಗುತ್ತದೆ.

ಆಮೇಲೆ ಸ್ಟ್ಯಾನ್‌ಫರ್ಡ್ ಮೊಲದ ಚಿತ್ರ ಮಾಡಿ. 1994ರಲ್ಲಿ ಒಂದು ಮಣ್ಣಿನ ಗೊಂಬೆಯನ್ನು ಸ್ಕ್ಯಾನ್ ಮಾಡಿ ತಯಾರಿಸಿದ ಮಾಡೆಲ್, 69,451 ತ್ರಿಕೋನಗಳು. ಪ್ರತಿ ಕಿರಣವನ್ನೂ ಅಷ್ಟಕ್ಕೂ ತಾಗಿಸಿ ನೋಡುತ್ತಾ ಕೂತರೆ ಲ್ಯಾಪ್‌ಟಾಪ್ ಫ್ಯಾನ್ ರಾತ್ರಿಯೆಲ್ಲ ಗುಂಯ್ ಅನ್ನುತ್ತಿರುತ್ತದೆ. ಅದಕ್ಕೇ ಬಿವಿಎಚ್ (ಬೌಂಡಿಂಗ್ ವಾಲ್ಯೂಮ್ ಹೈರಾರ್ಕಿ) ಬೇಕು. ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ತ್ರಿಕೋನಗಳನ್ನು ಪೆಟ್ಟಿಗೆಗಳಲ್ಲಿ ಹಾಕುತ್ತಾ ಹೋಗುವುದು. ಹೊರಗಿನ ಪೆಟ್ಟಿಗೆಗೇ ಕಿರಣ ತಾಗದಿದ್ದರೆ ಒಳಗಿನದನ್ನೆಲ್ಲ ಮುಟ್ಟುವ ಹಾಗೇ ಇಲ್ಲ. ಗಂಟೆಗಟ್ಟಲೆ ತಿನ್ನುತ್ತಿದ್ದ ಚಿತ್ರ ಸೆಕೆಂಡುಗಳಲ್ಲಿ ಬರುತ್ತದೆ. ಆ ಖುಷಿ ಬೇರೆಯೇ, ನಿಮಗೇ ಗೊತ್ತಾಗುತ್ತದೆ.

ನಮ್ಮ ಕೋರ್ಸಿನಲ್ಲಿ ರಾಸ್ಟರೈಸರ್ (ತ್ರಿಕೋನಗಳನ್ನು ಪಿಕ್ಸೆಲ್ ಮಾಡುವುದು), ಮೆಶ್ (ತ್ರಿಕೋನಗಳ ಜಾಲ) ಹೋಮ್‌ವರ್ಕ್‌ಗಳೂ ಇದ್ದವು, ಅವು ಹೇಗೋ ದಾಟುತ್ತವೆ. ಎಲ್ಲರೂ ಒದ್ದಾಡಿದ್ದು ಪಾತ್ ಟ್ರೇಸಿಂಗ್‌ನಲ್ಲಿ. ಅದರಲ್ಲಿ, ಒಂದು ಬಿಂದುವಿನಿಂದ ಎಷ್ಟು ಬೆಳಕು ಹೊರಡುತ್ತದೆ ಅಂತ ಹೇಳುವ, 1986ರಲ್ಲಿ ಜೇಮ್ಸ್ ಕಜಿಯಾ ಕೊಟ್ಟ ರೆಂಡರಿಂಗ್ ಸಮೀಕರಣವನ್ನು ಯಾದೃಚ್ಛಿಕ ಕಿರಣಗಳಿಂದ ಬಿಡಿಸಬೇಕು. ಚಿತ್ರದ ತರಿ (ಮರಳಿನಂಥ ಚುಕ್ಕೆ) ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್, ಅಂದರೆ ಪಿಕ್ಸೆಲ್‌ಗೆ ಬಿಡುವ ಕಿರಣ, ನಾಲ್ಕು ಪಟ್ಟು ಬೇಕು. ಕೋಡ್ ಎಷ್ಟೇ ಚೆನ್ನಾಗಿ ಬರೆದರೂ ಪ್ರಾಬಬಿಲಿಟಿ ಗೊತ್ತಿಲ್ಲದಿದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಸುಮ್ನೆ ಶೇಡರ್ (ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ವಿಡಿಯೋ ನೋಡುವ ಬದಲು ಪ್ರಾಬಬಿಲಿಟಿಯನ್ನು ಈಗಲೇ ತಿರುವಿ ಹಾಕಿ. ಕೋಡ್ ಸರಿಯಿದೆಯಾ ಅಂತ ನೋಡಲು ಒಂದು ಒಳ್ಳೆ ಪರೀಕ್ಷೆ ಇದೆ. ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವ ಬಿಳಿ ಗೋಳವನ್ನು, ಎಲ್ಲ ಕಡೆಯಿಂದ ಒಂದೇ ಸಮ ಬೆಳಕಿರುವ ಜಾಗದಲ್ಲಿಡಿ. ಗೋಳ ಕಾಣಲೇಬಾರದು. ಕಂಡರೆ ಎಲ್ಲೋ ಬೆಳಕು ಸೋರುತ್ತಿದೆ ಅಂತ.

ಇದೆಲ್ಲ ಆದ ಮೇಲೆ ನಾನು ಮಾಡಿದ್ದು ಗಾಜಿನ ಕನ್ನಡ ಅಕ್ಷರ. ಯಾರೂ ಕೇಳಿರಲಿಲ್ಲ, ಆಸೆ ಅಷ್ಟೇ. ಯೂನಿಕೋಡ್‌ನಲ್ಲಿ ‘ಕ್ಷ’ ಅಂದರೆ ಮೂರು ಸಂಕೇತ, ಕಾಣುವ ರೂಪ ಮಾತ್ರ ಒಂದು. ಸಂಕೇತಗಳನ್ನು ಬಿಡಿಬಿಡಿಯಾಗಿ ಬಿಡಿಸಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಹಾರ್ಫ್‌ಬಝ್ ಲೈಬ್ರರಿಗೆ ಕೊಟ್ಟರೆ ಯಾವ ಗ್ಲಿಫ್ (ಅಕ್ಷರದ ಆಕಾರ), ಎಲ್ಲಿ ಇಡಬೇಕು ಎರಡನ್ನೂ ಹೇಳುತ್ತದೆ. ಫಾಂಟಿನ ಬೆಜಿಯರ್ ಅನ್ನುವ ವಕ್ರರೇಖೆಗಳನ್ನು ತ್ರಿಕೋನ ಮಾಡಿ ದಪ್ಪ ಕೊಡುವುದು ನಮ್ಮ ಕೆಲಸ.

ರಸ್ಟ್ ಭಾಷೆ ಕಲಿಯಬೇಕಾ ಅಂತಲೂ ಕೇಳಿದ್ದೀರಲ್ವಾ? ಈಗ ಬೇಡ. ಬರುವ ಭಾಷೆಯಲ್ಲೇ ಬರೆಯಿರಿ, ಜಿಪಿಯು (ಗ್ರಾಫಿಕ್ಸ್ ಚಿಪ್) ಕೂಡ ಕೋರ್ಸ್ ಶುರುವಾದ ಮೇಲೆ ನೋಡಿಕೊಳ್ಳಬಹುದು.